ಉದ್ಯೋಗ: ಹೋಟೆಲ್ ಮ್ಯಾನೇಜರ್

ಮನುಷ್ಯ ಯಾರು, ಈ ಲೋಕಕ್ಕೆ ಏತಕ್ಕೆ ಬಂದ ಎಂಬ ಪ್ರಶ್ನೆ ಬಹಳ ಗಹನವಾದದ್ದು; ಅದಕ್ಕೆ ಉತ್ತರ ಹುಡುಕುತ್ತ ಹೊರಟವರು ಕಾಡು ಸೇರಿದ್ದಾರೆ, ಗಡ್ಡ ಬಿಟ್ಟಿದ್ದಾರೆ. ರೇಷನ್ ಆಫೀಸಿನವರು ಮಾತ್ರ ಅದಕ್ಕೆ ಅರ್ಜಿಯಲ್ಲಿ ಒಂದೂವರೆ ಇಂಚು ಜಾಗ ಬಿಟ್ಟು, ‘ಉದ್ಯೋಗ’ ಎಂದು ಅಚ್ಚು ಹಾಕಿಸಿ, ಕ್ಯೂನಲ್ಲಿದ್ದ ಮುಂದಿನವರನ್ನು ಕರೆದುಬಿಡುತ್ತಾರೆ.

ಆ ಒಂದೂವರೆ ಇಂಚಿನಲ್ಲಿ ನನ್ನ ತಮ್ಮನ ವಿಷಯವಾಗಿ ನಾನು ಏನು ಬರೆದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ತಮ್ಮ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ಹುಟ್ಟುವಾಗ ಉಸಿರು ತಡವಾಗಿ ಬಂತಂತೆ. ಆಮೇಲೆ ಎಲ್ಲವೂ ತಡವಾಗಿಯೇ ಬಂತು, ಕೆಲವು ಬರಲೇ ಇಲ್ಲ. ನಲವತ್ತು ದಾಟಿದರೂ ಅವನಿಗೆ ಚಪ್ಪಲಿಯ ಎಡಬಲ ತಿಳಿಯುತ್ತಿರಲಿಲ್ಲ. ಇಂದು ನಿನ್ನೆಯ ಭೇದವೂ ಅಷ್ಟಕ್ಕಷ್ಟೆ. ಇದಕ್ಕೆ ಡಾಕ್ಟರುಗಳು ಬೇರೆ ಬೇರೆ ಹೆಸರು ಹೇಳಿದರು. ಅಮ್ಮನ ಬಳಿ ಒಂದೇ ಹೆಸರಿತ್ತು: “ಅವ ಸ್ವಲ್ಪ ನಿಧಾನ, ಅಷ್ಟೆ. ಸ್ಲೋ ಲೋಕಲ್ ಟ್ರೈನು ಕೂಡ ಕೊನೆಗೆ ವಿ.ಟಿ. ಸ್ಟೇಷನ್ ಮುಟ್ಟುದಿಲ್ವಾ?” ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವಳ ವಾದ. ಅದನ್ನು ಗೆಲ್ಲಲು ಯಾವ ಡಾಕ್ಟರಿಗೂ ಆಗಲಿಲ್ಲ.

ನಾವು ಉಡುಪಿ ಕಡೆಯವರು. ಮುಂಬಯಿಯಲ್ಲಿ ನಮ್ಮವರ ಪೈಕಿ ಯಾರೊಬ್ಬನ ವಿಷಯ ಬಿಡಿಸಿ ಹೇಳುವುದು ಕಷ್ಟವಾದರೆ ‘ಹೋಟೆಲಿನಲ್ಲಿದ್ದಾನೆ’ ಅನ್ನುವುದು ರೂಢಿ. ಓದನ್ನು ಅರ್ಧಕ್ಕೆ ಬಿಟ್ಟವನು, ಹೆಂಡತಿಯನ್ನು ಬಿಟ್ಟವನು, ಮನೆ ಬಿಟ್ಟು ಎಲ್ಲಿ ಹೋದನೆಂದು ಯಾರಿಗೂ ತಿಳಿಯದವನು, ಎಲ್ಲರೂ ಹೋಟೆಲಿನಲ್ಲಿರುತ್ತಾರೆ. ಯಾವ ಹೋಟೆಲು ಎಂದು ಮತ್ತೆ ಕೇಳುವುದು ಸಭ್ಯತೆಯಲ್ಲ. ನಮ್ಮ ತಮ್ಮನೂ ಹಾಗೆ ಹೋಟೆಲಿಗೆ ಸೇರಿದ.

ರೇಷನ್ ಅರ್ಜಿಯಲ್ಲಿ ಮೊದಲು ‘ಹೋಟೆಲ್ ನೌಕರ’ ಎಂದು ಬರೆದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. “ನೌಕರ ಅಂದ್ರೆ ಮೇಜು ಒರೆಸುವವ ಅಂತ ತಿಳೀತಾರೆ ಮಾರಾಯ. ಅಪ್ಪ ಇದ್ದಿದ್ರೆ ಬಿಡ್ತಿದ್ರಾ?” ಅಪ್ಪ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು, ಬದುಕಿದ್ದಾಗಲೂ ಅವರು ಯಾವುದಕ್ಕೂ ಅಡ್ಡಿ ಬಂದವರಲ್ಲ. ಮುಂದಿನ ಸಲ, ಬ್ಯಾಂಕಿನ ಫಾರ್ಮಿನಲ್ಲಿ, ‘ಸೂಪರ್‌ವೈಸರ್’ ಎಂದು ಬರೆದೆ. ನಮ್ಮ ಹೌಸಿಂಗ್ ಸೊಸೈಟಿಯವರು ಮನೆಮಂದಿಯ ಮಾಹಿತಿ ಕೇಳಿ ಕಾಗದ ಹಂಚಿದಾಗ ‘ಮ್ಯಾನೇಜರ್’. ಒಂದು ದಿನವೂ ಕೆಲಸಕ್ಕೆ ಹೋಗದೆ ಇಷ್ಟು ಬೇಗ ಮೇಲೇರಿದವರು ನಮ್ಮ ವಂಶದಲ್ಲಿ ಇನ್ನೊಬ್ಬರಿಲ್ಲ. ಮುಂಬಯಿಯ ಫೋರ್ಟ್ ಪ್ರದೇಶದ ಹಡಗು ಕಂಪನಿಯಲ್ಲಿ ಹೆಡ್ ಕ್ಲರ್ಕ್ ಆಗಲು ನನಗೆ ಇಪ್ಪತ್ತೊಂದು ವರ್ಷ ಹಿಡಿಯಿತು.

ಬರೆದದ್ದೆಲ್ಲ ನನ್ನದೇ ಕೈಯಿಂದ. ಆಫೀಸಿನಲ್ಲಿ ನನ್ನ ಅಕ್ಷರವನ್ನು ಹೊಗಳದವರಿರಲಿಲ್ಲ.

ನನ್ನ ಹೆಂಡತಿ ಹುಬ್ಬಳ್ಳಿ ಕಡೆಯವಳು. ಸಂಬಂಧ ನೋಡುವಾಗ ಅವರ ಮನೆಗೂ ಇದೇ ವರದಿ ಹೋಗಿತ್ತು. ಮದುವೆಯಾದ ಮೂರನೆಯ ದಿನ ಅವಳು ತಮ್ಮನಿಗೆ ಅನ್ನ ಕಲಸಿ ತಟ್ಟೆ ಕೊಟ್ಟು ಬಂದು ನನ್ನ ಪಕ್ಕದಲ್ಲಿ ಕೂತು, ಸಮಾಧಾನವಾಗಿ ಕೇಳಿದಳು: “ಅಲ್ರೀ, ನಿಮ್ಮ ತಮ್ಮಗ ಹೋಟೆಲಿನ್ಯಾಗ ರಜಾ ಎಷ್ಟ ದಿನದ್ದದ?” ನಾನು ಪತ್ರಿಕೆಯನ್ನು ಮುಖದ ಮೇಲೆ ಎತ್ತಿ ಹಿಡಿದೆ. “ಇರ್ಲಿ ಬಿಡ್ರಿ, ಬಾಯಿ ಮುಚಗೊಂಡು ಉಣ್ಣೋ ಗಂಡಸು ಈ ಮನ್ಯಾಗ ಅಂವ ಒಬ್ಬನ ಇದ್ದಾನ” ಎಂದಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ನಾವು ನವಿ ಮುಂಬಯಿಯ ನೆರೂಳಿನಲ್ಲಿ ಮನೆ ಮಾಡಿಕೊಂಡು ಹೋದ ಮೇಲೂ ವಾರಕ್ಕೊಮ್ಮೆ ಡೊಂಬಿವಲಿಗೆ ಬಂದು ಅವನ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಅವಳೇ.

ಸುಳ್ಳಿಗೆ ಒಂದು ಗುಣವಿದೆ. ಬಹಳ ದಿನ ಮನೆಯಲ್ಲಿಟ್ಟುಕೊಂಡರೆ ಅದು ಮನೆಯವರ ಹಾಗೇ ಆಗುತ್ತದೆ. ಸ್ಟೇಷನ್ ಹತ್ತಿರ ನಮ್ಮ ಪರಿಚಯದವರ ಹೋಟೆಲೊಂದಿತ್ತು. ತಮ್ಮ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಅಮ್ಮನ ಕೈಹಿಡಿದು ಅಲ್ಲಿಗೆ ಹೋಗುತ್ತಿದ್ದ. ಗಲ್ಲಾದ ಪಕ್ಕ ಅವನಿಗೊಂದು ಸ್ಟೂಲು. ಧಣಿಗಳು ನಗದೆ, “ಬನ್ನಿ ಮ್ಯಾನೇಜರ್ರೇ, ನೀವು ಬಾರದೆ ಬಾಗಿಲು ತೆಗೆಯುವುದು ಹೇಗೆ ಅಂತ ಕೂತಿದ್ದೆ” ಅನ್ನುತ್ತಿದ್ದರು. ಬಿಲ್ಲು ಕೊಡುವ ತಟ್ಟೆಯ ಪಕ್ಕದ ಬಟ್ಟಲಿಗೆ ಬಡೀಶೇಪು, ಅಂದರೆ ಊಟದ ಮೇಲೆ ಬಾಯಿಗೆ ಹಾಕಿಕೊಳ್ಳುವ ಸೋಂಪು, ತುಂಬುವುದು ತಮ್ಮನ ಕೆಲಸ. ಚಮಚದಿಂದ ತುಂಬುವನು, ಅಂಗೈಯಿಂದ ಸಮ ಮಾಡುವನು, ಯಾರಾದರೂ ಎರಡು ಕಾಳು ತೆಗೆದರೆ ಮತ್ತೆ ತುಂಬುವನು. ಒಂದು ಚಹಾ ಆಗುವಷ್ಟರಲ್ಲಿ ಅವನ ಡ್ಯೂಟಿ ಮುಗಿಯುತ್ತಿತ್ತು. ಅಮ್ಮ ಅಷ್ಟು ಹೊತ್ತು ಬಾಗಿಲ ಬಳಿ ತರಕಾರಿ ಚೀಲ ಹಿಡಿದು ನಿಂತಿರುತ್ತಿದ್ದಳು.

ಅವನಿಗೆ ಬರುತ್ತಿದ್ದ ಇನ್ನೊಂದು ವಿದ್ಯೆ ಸಹಿ. ಅಮ್ಮ ಐದಾರು ವರ್ಷ ಸ್ಲೇಟಿನ ಮೇಲೆ ಅವನ ಕೈ ಹಿಡಿದು ತಿದ್ದಿಸಿ ಕಲಿಸಿದ್ದು. ಓದಲು ಬರುವುದಿಲ್ಲ, ಎಣಿಸಲು ಬರುವುದಿಲ್ಲ, ಸಹಿ ಮಾತ್ರ ಕನ್ನಡದಲ್ಲಿ, ಕೊನೆಗೆ ಒಂದು ಬಾಲ, ಬಾಲದ ಕೆಳಗೆ ಎರಡು ಚುಕ್ಕೆ. ಸೊಸೈಟಿಯ ವಾಚ್‌ಮನ್ ನೋಟೀಸು ಹಿಡಿದು ಬಂದರೆ ಬಾಗಿಲಿಗೆ ಓಡುವವನು ಅವನೇ. ನಾಳೆ ಇಡೀ ದಿನ ನೀರಿಲ್ಲ ಎಂಬ ಸುದ್ದಿಗೆ ಡೊಂಬಿವಲಿಯಲ್ಲಿ ಅಷ್ಟು ಸಂಭ್ರಮದಿಂದ ಸಹಿ ಹಾಕಿದವರು ಬೇರೆ ಯಾರೂ ಇರಲಾರರು. ಎದುರು ಮನೆಯವರ ಜಾಗದಲ್ಲೂ ಹಾಕಿಬಿಡುತ್ತಿದ್ದ. “ಹೆಬ್ಬೆಟ್ಟು ಒತ್ತುವ ಪೈಕಿ ಅಲ್ಲ ನನ್ನ ಮಗ” ಎಂದು ಅಮ್ಮ ವಾಚ್‌ಮನ್ನಿಗೆ ಹೇಳುತ್ತಿದ್ದಳು.

ಒಮ್ಮೆ, ಎರಡು ಸಾವಿರದ ಐದೋ ಆರೋ ಇರಬೇಕು, ಇಂಥ ಮಕ್ಕಳ ಶಾಲೆಯೊಂದರ ಟೀಚರಮ್ಮ ಮನೆಗೆ ಬಂದಿದ್ದರು. ಹದಿನೆಂಟು ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಇವನು ಸ್ವತಂತ್ರ. ಹೆತ್ತ ತಾಯಿ ಕೂಡ ಇವನ ಪರವಾಗಿ ಸಹಿ ಹಾಕುವ ಹಾಗಿಲ್ಲ. ಇವನಿಗೆ ಕಾನೂನುಬದ್ಧ ಪೋಷಕರು ಬೇಕು. ಅದಕ್ಕೆ ನಮ್ಮ ಜಿಲ್ಲಾ ಕೇಂದ್ರವಾದ ಠಾಣೆ ಊರಿನಲ್ಲಿ ಜಿಲ್ಲಾಧಿಕಾರಿಗಳ ಕೈಕೆಳಗೆ ಒಂದು ಸಮಿತಿ ಇದೆ ಎಂದೆಲ್ಲ ವಿವರಿಸಿ, ಒಂದು ಅರ್ಜಿ ನಮೂನೆಯನ್ನೂ ಕೊಟ್ಟು ಹೋದರು. ಅಮ್ಮ ಅದನ್ನು ಓದತೊಡಗಿದಳು. ‘ಸ್ವಂತ ನಿರ್ಧಾರ ತೆಗೆದುಕೊಳ್ಳಲು ಅಸಮರ್ಥ’ ಎಂಬಲ್ಲಿ ನಿಲ್ಲಿಸಿದಳು.

“ಇದಕ್ಕೆ ನಾನು ರುಜು ಹಾಕಬೇಕಾ?”

“ಹೌದಮ್ಮ.”

“ಅವನ ಎದುರಿಗೆ?”

“ಅವನಿಗೆ ಓದಲಿಕ್ಕೆ ಎಲ್ಲಿ ಬರ್ತದೆ?”

“ನನಗೆ ಬರ್ತದಲ್ಲ ಮಗಾ.”

ಆ ಕಾಗದ ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನಕಾಯಿ ಭರಣಿಯ ಅಡಿಗೆ ಹೋಯಿತು. ನಾನೂ ಒತ್ತಾಯ ಮಾಡಲಿಲ್ಲ. ತಾಯಿಯ ಮನಸ್ಸು ನೋಯಬಾರದೆಂದು ಬಿಟ್ಟೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವೆಂದರೆ, ಆಫೀಸಿಗೆ ರಜೆ ಹಾಕಿ ಠಾಣೆಗೆ ಹೋಗಬೇಕಿತ್ತು.

ನಾನು ನಿವೃತ್ತನಾದ ಮರುವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು; ಅವಳನ್ನು ನೆರೂಳಿಗೆ ತಂದೆವು. ನಮ್ಮದು ಒಂದು ರೂಮು, ಒಂದು ಅಡುಗೆಮನೆ. ಅಮ್ಮನ ಮಂಚ ಹಾಕಿದ ಮೇಲೆ ಬಾಗಿಲು ಅರ್ಧವೇ ತೆರೆಯುತ್ತಿತ್ತು. ತಮ್ಮ ಎರಡು ದಿನ ನಮ್ಮಲ್ಲಿದ್ದ. ಅಮ್ಮ ನೋವಿಗೆ ಕೂಗಿದಾಗಲೆಲ್ಲ ಅವನೂ ಕೂಗುವನು, ಓಡಿ ಬಂದು ಅವಳನ್ನು ಎಬ್ಬಿಸಿ ಕೂರಿಸಲು ನೋಡುವನು. ಮೂರನೆಯ ದಿನ ಯಾರೋ ಡೊಂಬಿವಲಿ ಪಕ್ಕದ ಕಲ್ಯಾಣದ ಆಚೆ ಒಂದು ಆಶ್ರಮವಿದೆ, ಇಂಥವರನ್ನು ನೋಡಿಕೊಳ್ಳುತ್ತಾರೆ ಎಂದರು. ಎರಡೇ ತಿಂಗಳು ಎಂದುಕೊಂಡೆವು.

ಆಶ್ರಮದ ಮೇಲ್ವಿಚಾರಕಿ ಮೇಡಂ ಮೃದು ಮಾತಿನವರು. ಸೇರ್ಪಡೆಯ ಫಾರ್ಮು ತುಂಬಲು ನನ್ನ ಮುಂದೆ ಇಟ್ಟರು. ಹೆಸರು, ವಯಸ್ಸು, ವಿಳಾಸ ಬರೆದೆ. ಉದ್ಯೋಗ ಎಂಬಲ್ಲಿಗೆ ಬಂದಾಗ ಕೈ ತನ್ನಷ್ಟಕ್ಕೆ ಓಡಿತು: ‘ಹೋಟೆಲ್ ಮ್ಯಾನೇಜರ್’.

“ಇಲ್ಲಿ ಪೋಷಕರ ಸಹಿ, ಇಲ್ಲದಿದ್ದರೆ ಇವರದೇ ಹೆಬ್ಬೆಟ್ಟು” ಎಂದರು ಮೇಡಂ.

“ಹೆಬ್ಬೆಟ್ಟು ಯಾಕೆ? ಅವನು ಸಹಿ ಹಾಕ್ತಾನೆ” ಎಂದೆ ನಾನು, ಅಮ್ಮನ ಮಗ.

ತಮ್ಮ ಜೇಬಿನಿಂದ ಪೆನ್ನು ತೆಗೆದು, ಬಾಲ ಎಳೆದು, ಎರಡು ಚುಕ್ಕೆ ಇಟ್ಟ. ಮೇಡಂ ಮೆಚ್ಚಿ ಚಪ್ಪಾಳೆ ತಟ್ಟಿದರು. ಅವನು ಇನ್ನೊಂದು ಕಾಗದ ಕೇಳಿದ.

ಇನ್ನೊಂದು ಕಾಗದ ಅವನಿಗೆ ಸಿಕ್ಕಿತೆಂದು ನಮಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ಅವನನ್ನು ಕರೆತರಲು ಕಲ್ಯಾಣಕ್ಕೆ ಹೋದರೆ ಅವನ ಹಾಸಿಗೆಯ ಮೇಲೆ ಬೇರೆ ಯಾರೋ ಕೂತಿದ್ದರು. ಖಾರಘರದ ಆಚೆ, ಗುಡ್ಡದ ಬುಡದಲ್ಲಿ ಆಶ್ರಮದವರು ಹೊಸ ಶಾಖೆ ತೆರೆದಿದ್ದರು. ಅಲ್ಲಿನ ಹಾಸಿಗೆಗಳು ತುಂಬಬೇಕಿತ್ತು. ತಮ್ಮ, ‘ನನ್ನ ಸ್ವಂತ ಇಚ್ಛೆಯಿಂದ ಕಾಯಂ ಆಗಿ ಅಲ್ಲಿರಲು ಒಪ್ಪಿದ್ದೇನೆ’ ಎಂಬ ಇಂಗ್ಲಿಷ್ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದ್ದ.

“ಅವನಿಗೆ ಇದು ಅರ್ಥವಾಗುವುದಿಲ್ಲ ಮೇಡಂ.”

“ಹಾಗೆಂದು ಎಲ್ಲಿ ಬರೆದಿದೆ ಕಾಕಾ? ವಯಸ್ಸಿಗೆ ಬಂದ ಮನುಷ್ಯ. ಹೋಟೆಲ್ ಮ್ಯಾನೇಜರ್. ನೀವೇ ಬರೆದಿದ್ದೀರಿ.”

“ನಾನು ಅವನ ಅಣ್ಣ.”

“ಅಣ್ಣ ಸರಿ. ಕಾಗದ ಏನಿದೆ ನಿಮ್ಮ ಹತ್ತಿರ?”

ಹೊಸ ಶಾಖೆಗೆ ಹೋದೆ. ಭಾನುವಾರ ನೋಡಬಹುದು, ಕರೆದೊಯ್ಯುವ ಹಾಗಿಲ್ಲ ಎಂದರು. ತಮ್ಮ ಅಡುಗೆಮನೆಯಿಂದ ಬಂದ. ಬೆರಳುಗಳು ಸೋಪಿನ ನೀರಿಗೆ ಬಿರಿದಿದ್ದವು. ಹೋಟೆಲಿನ ಅನುಭವಸ್ಥನೆಂದು ಪಾತ್ರೆ ತೊಳೆಯಲು ಹಚ್ಚಿದ್ದರು. ಫಾರ್ಮನ್ನು ಅವರು ಶ್ರದ್ಧೆಯಿಂದ ಓದಿದ್ದರು ಎನ್ನಬೇಕು. “ದೊಡ್ಡ ಹೋಟೆಲ್ ಅಣ್ಣ ಇದು” ಎಂದ. ಸ್ವಲ್ಪ ತಡೆದು, “ಬಡೀಶೇಪು ಇಲ್ಲ” ಎಂದ. ಇನ್ನೂ ತಡೆದು, “ಅಮ್ಮ ಬಾಗಿಲಲ್ಲಿ ಉಂಟಾ?” ಎಂದು ಕೇಳಿದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು “ನಿಮ್ಮ ಅಕ್ಷರ ಮುತ್ತಿನಂಗ ಅವ, ಅಲ್ರೀ?” ಎಂದಳಷ್ಟೆ. ಮರುದಿನ ಡೊಂಬಿವಲಿಗೆ ಹೋಗಿ ಭರಣಿಯ ಅಡಿಯಿಂದ ಆ ಅರ್ಜಿಯನ್ನು ತೆಗೆದೆ. ನಟ್ಟ ನಡುವೆ ಎಣ್ಣೆಯ ಗುಂಡನೆಯ ಕಲೆ ಇತ್ತು. ಠಾಣೆಯ ಕಲೆಕ್ಟರ್ ಕಚೇರಿಯ ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು, “ಮಾವಿನಕಾಯಿಯದೋ ನಿಂಬೆಯದೋ?” ಎಂದು ಕೇಳಿ, ಹೊಸ ನಮೂನೆ ಕೊಟ್ಟ. ಆಮೇಲೆ ತಮ್ಮನ ಈಗಿನ ವಿಳಾಸ ನೋಡಿ ಹಣೆ ಗಂಟಿಕ್ಕಿದ. ನೆರೂಳಿನಿಂದ ಮೂರು ಸ್ಟೇಷನ್ ಆಚೆಗಿನ ಖಾರಘರ ರಾಯಗಡ ಜಿಲ್ಲೆ; ಅದಕ್ಕೆ ಆ ಜಿಲ್ಲೆಯ ಕಚೇರಿಯಿರುವ ಅಲಿಬಾಗ್‌ಗೆ ಹೋಗಬೇಕು. ಕೊನೆಗೆ ಕಾಯಂ ವಿಳಾಸ ಡೊಂಬಿವಲಿ ಎಂದು ರೇಷನ್ ಕಾರ್ಡಿನಲ್ಲಿದ್ದುದರಿಂದ ಅರ್ಜಿ ಠಾಣೆಯಲ್ಲೇ ಉಳಿಯಿತು. ನಮ್ಮ ರೇಷನ್ ಕಾರ್ಡು ಒಂದು ವಿಷಯದಲ್ಲಾದರೂ ನಿಜ ಹೇಳಿತ್ತು.

ಸರಕಾರಿ ಆಸ್ಪತ್ರೆಯ ಪ್ರಮಾಣಪತ್ರಕ್ಕೆ ಅವನನ್ನು ಕರೆದೊಯ್ಯಲು ಆಶ್ರಮದವರ ಅನುಮತಿ, ಅನುಮತಿಗೆ ಸಮಿತಿಯ ಪತ್ರ, ಸಮಿತಿಯ ಪತ್ರಕ್ಕೆ ಪ್ರಮಾಣಪತ್ರದ ಪ್ರತಿ. ಈ ಪ್ರದಕ್ಷಿಣೆಯಲ್ಲಿ ಏಳು ತಿಂಗಳು ಕಳೆದವು. ಮೂವತ್ತಾರು ವರ್ಷ ಫೈಲುಗಳನ್ನು ಜನರ ಸುತ್ತ ತಿರುಗಿಸಿದವನಿಗೆ ದೂರಲು ಬಾಯಿ ಇರಲಿಲ್ಲ. ಪ್ರತಿ ಭಾನುವಾರ ಹೋಗುತ್ತಿದ್ದೆ. ಪ್ರತಿ ಭಾನುವಾರ ಅವನು ಅಮ್ಮ ಬಾಗಿಲಲ್ಲಿ ಇದ್ದಾಳೋ ಎಂದು ಕೇಳುತ್ತಿದ್ದ.

ವಿಚಾರಣೆಯ ದಿನ ಅಮ್ಮನನ್ನು ಟ್ಯಾಕ್ಸಿಯಲ್ಲಿ ಮಲಗಿಸಿದ ಹಾಗೆ ಕೂರಿಸಿ, ಠಾಣೆಗೆ ಕರೆದೊಯ್ದು, ಗಾಲಿಕುರ್ಚಿಯಲ್ಲಿ ಒಳಗೆ ತಂದೆವು. ಹೆಂಡತಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಳು. ಮೇಜಿನ ಹಿಂದೆ ಮೂವರು: ಅಧ್ಯಕ್ಷರ ಜಾಗದಲ್ಲಿ ಒಬ್ಬ ಅಧಿಕಾರಿ, ಪಕ್ಕದಲ್ಲಿ ಊರುಗೋಲು ಒರಗಿಸಿಟ್ಟುಕೊಂಡ ಒಬ್ಬ ಮಹಿಳೆ, ಇನ್ನೊಬ್ಬ ಸಮಾಜಸೇವಕರು. ಆಶ್ರಮದ ಮೇಡಂ ತಮ್ಮನನ್ನು ವ್ಯಾನಿನಲ್ಲಿ ತಂದಿದ್ದರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು. ಒಂಬತ್ತು ತಿಂಗಳ ಮೇಲೆ ಅಮ್ಮನನ್ನು ನೋಡಿದವನು ಓಡಿ ಬಂದು ಅವಳ ಮೊಣಕಾಲು ಹಿಡಿದುಕೊಂಡು ಹೇಳಿದ: “ಅಮ್ಮ, ರಜೆ ಹಾಕಿ ಬಂದೆ.”

ಅಧಿಕಾರಿ ಒಳ್ಳೆಯ ಮನುಷ್ಯ. ಆಶ್ರಮದವರು ಕೊಟ್ಟ ಕಾಗದಗಳನ್ನು ಒಂದೊಂದಾಗಿ ನೋಡಿದರು. ರೇಷನ್ ಅರ್ಜಿಯ ನಕಲು, ಬ್ಯಾಂಕಿನದು, ಸೊಸೈಟಿಯದು, ಸೇರ್ಪಡೆಯ ಫಾರ್ಮು. ಇವನ್ನೆಲ್ಲ ಸಂಗ್ರಹಿಸಿದವರ ಶ್ರಮ ದೊಡ್ಡದು.

“ಇದು ಯಾರ ಅಕ್ಷರ?”

“ನನ್ನದು.”

“ಬಹಳ ಚೆನ್ನಾಗಿದೆ” ಎಂದರು ನಿಜವಾದ ಮೆಚ್ಚುಗೆಯಿಂದ. “ಇಷ್ಟು ವರ್ಷ ಬರೆದದ್ದು ನಿಜವೋ, ಈಗ ಅಫಿಡವಿಟ್‌ನಲ್ಲಿ ಬರೆದದ್ದು ನಿಜವೋ?”

“ಈಗಿನದು.”

“ನಾಳೆ ಇನ್ನೊಂದು ಬರೆಯುವುದಿಲ್ಲ ಎಂದು ನಾವು ಹೇಗೆ ನಂಬುವುದು? ಆಜಿಯನ್ನೇ ಕೇಳೋಣ.” ಅಮ್ಮನ ಕಡೆ ತಿರುಗಿ ಮರಾಠಿಯಲ್ಲಿ, ನಿಧಾನವಾಗಿ ಕೇಳಿದರು: “ಆಜಿ, ನಿಮ್ಮ ಈ ಮಗ ಏನು ಮಾಡಿಕೊಂಡಿದ್ದಾನೆ?”

ಅಮ್ಮ ತಲೆ ಎತ್ತಿ, ಸೆರಗು ಸರಿಮಾಡಿಕೊಂಡು, ಮೂವತ್ತು ವರ್ಷ ಎಲ್ಲರಿಗೂ ಹೇಳಿದ ಸ್ವರದಲ್ಲೇ ಹೇಳಿದಳು: “ಹೋಟೆಲಿನಲ್ಲಿದ್ದಾನೆ.”

ಮೇಡಂ ಫೈಲು ಮುಚ್ಚಿದರು. ತಮ್ಮ ಹೌದೆಂದು ತಲೆಯಾಡಿಸಿದ.

“ಅಮ್ಮಾ” ಎಂದೆ ನಾನು.

ತಾನು ಹೇಳಿದ್ದು ಏನೆಂದು ಆಗ ಅವಳಿಗೆ ಹೊಳೆಯಿತು. “ಅವನನ್ನು ಸ್ವಲ್ಪ ಹೊರಗೆ ಕಳಿಸಿ, ಹೇಳ್ತೇನೆ” ಎಂದಳು. ನಾನು ಮರಾಠಿಗೆ ತಿರುಗಿಸಿದೆ.

ಊರುಗೋಲಿನ ಮಹಿಳೆ ಅಲ್ಲಿಯವರೆಗೆ ಮಾತಾಡಿರಲಿಲ್ಲ. “ಇಲ್ಲ ಆಜಿ, ಅವನ ಬಗ್ಗೆ ಅವನ ಬೆನ್ನ ಹಿಂದೆ ಇಲ್ಲಿ ಏನೂ ತೀರ್ಮಾನ ಆಗುವುದಿಲ್ಲ. ನನ್ನ ಬಗ್ಗೆ ಎಲ್ಲರೂ ಹೊರಗೆ ನಿಂತು ಮಾತಾಡಿದವರೇ. ಅವನು ಇಲ್ಲೇ ಇರಲಿ” ಎಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಸಿಟ್ಟು ಮಾಡಿಕೊಳ್ಳಲು ಆ ಕೋಣೆಯಲ್ಲಿ ನನಗೆ ಯಾರೂ ಸಿಗಲಿಲ್ಲ.

ಅಮ್ಮ ತನ್ನ ಮೊಣಕಾಲ ಬಳಿ ಕೂತಿದ್ದವನ ಬಿರಿದ ಬೆರಳುಗಳನ್ನು ಕೈಯಲ್ಲಿ ತೆಗೆದುಕೊಂಡು ನಮ್ಮ ಮಾತಿನಲ್ಲಿ ಅವನಿಗೇ ಹೇಳಿದಳು: “ಮಗಾ, ನೀನು ಮ್ಯಾನೇಜರ್ ಅಲ್ಲ. ನಾನು ಸುಳ್ಳು ಹೇಳಿದ್ದು. ನಿನಗೆ ಓದ್ಲಿಕ್ಕೆ ಬರುದಿಲ್ಲ. ನಿನಗೆ ಗೊತ್ತಾಗುದಿಲ್ಲ ಮಗಾ. ನಿನಗೆ ಏನೂ ಗೊತ್ತಾಗುದಿಲ್ಲ.”

“ಏನೆಂದರು?” ಅಧಿಕಾರಿ ನನ್ನನ್ನು ಕೇಳಿದರು.

ನಾನು ಒಂದೊಂದು ಮಾತನ್ನೂ ಮರಾಠಿಯಲ್ಲಿ ಹೇಳಿದೆ, ಒಂದೂ ಬಿಡದೆ. ಸ್ಟೆನೊ ಬರೆದುಕೊಂಡ. ಹೀಗೆ ತಮ್ಮ ಅದನ್ನು ಎರಡು ಭಾಷೆಯಲ್ಲಿ ಕೇಳಿದ.

ಅವನು ಅಳಲಿಲ್ಲ. ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ, ಮೇಜಿನ ಹಿಂದಿನ ಮೂವರನ್ನೂ ನೋಡಿದ. ಬಹಳ ಯೋಚಿಸಿ ಕೇಳಿದ: “ಹಾಗಾದ್ರೆ ಬಡೀಶೇಪು ಯಾರು ಹಾಕುದು?”

ಇದನ್ನೂ ಅಧಿಕಾರಿ ಏನೆಂದು ಕೇಳಿದರು. ಇದನ್ನು ಮಾತ್ರ ನನಗೆ ಹೇಳಲಾಗಲಿಲ್ಲ.

ಮೂರು ವಾರದಲ್ಲಿ ಆದೇಶ ಬಂತು. ಅದನ್ನು ಹಿಡಿದು ಹೆಂಡತಿಯೊಂದಿಗೆ ಖಾರಘರಕ್ಕೆ ಹೋದೆ. ಅಲ್ಲಿಗೆ ಬಂದಿದ್ದ ಮೇಡಂ ಓದಿದರು, ನಕಲು ಇಟ್ಟುಕೊಂಡರು, ತಮ್ಮನ ಚೀಲ ತರಿಸಿದರು. ಬಿಡುಗಡೆಯ ರಿಜಿಸ್ಟರನ್ನು ಮೊದಲಿನ ರೂಢಿಯಂತೆ ಅವನ ಮುಂದೆ ಸರಿಸಿದರು. ಅವನ ಕೈ ಜೇಬಿಗೆ ಹೋಯಿತು. ಪೆನ್ನು ತೆಗೆದ, ಮುಚ್ಚಳ ಬಿಚ್ಚಿದ, ಖಾಲಿ ಸಾಲನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪೆನ್ನನ್ನು ನನ್ನ ಕೈಗೆ ಕೊಟ್ಟ.

“ನೀನು ಹಾಕು ಅಣ್ಣ. ನಂಗೆ ಗೊತ್ತಾಗುದಿಲ್ಲ.”

ಹೆಂಡತಿ ಚೀಲ ಎತ್ತಿಕೊಂಡು, “ನಡೀರಿ, ಮನಿಗೆ ಹೋಗೂಣು” ಎಂದು ಮುಖ ಆ ಕಡೆ ತಿರುಗಿಸಿ ಬಾಗಿಲ ಕಡೆ ಹೋದಳು.

ತಮ್ಮ ಈಗ ನೆರೂಳಿನಲ್ಲಿ ನಮ್ಮ ಜೊತೆಗಿದ್ದಾನೆ. ಅಮ್ಮ ಮರುವರ್ಷ ತೀರಿಕೊಂಡಳು. ನಾನು ಅವನ ಕಾನೂನುಬದ್ಧ ಪೋಷಕ. ಆದೇಶ ಬಂದ ಮೇಲೆ ಅವನು ಎಲ್ಲಿಯೂ ಸಹಿ ಹಾಕಿಲ್ಲ.